ಕೈಗಡ

ಒರಿಸ್ತಾನೊ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ
ಬೀಗದ ಕೈ ಮಾಡಿಕೊಡುವುದು ನನ್ನ ಕಸುಬು.
ಹೆಸರು ಬೊನಾರಿಯಾ. ವಯಸ್ಸು ನಲವತ್ತೊಂದು;
ಇಷ್ಟು ಬದುಕುತ್ತೇನೆಂದು ಯಾರೂ ಬರೆದುಕೊಟ್ಟಿರಲಿಲ್ಲ.

ಅಪ್ಪನಲ್ಲಿ ಅರ್ಧ ದೋಷ, ಅಮ್ಮನಲ್ಲಿ ಅರ್ಧ.
ಅವರಿಬ್ಬರೂ ಗಟ್ಟಿಮುಟ್ಟಾಗಿಯೇ ಇದ್ದರು,
ಎರಡೂ ಸೇರಿ ನಾನಾದೆ.
ಈ ದ್ವೀಪದ ಜೌಗಿನ ಚಳಿಜ್ವರಕ್ಕೆ ಸೋಲದಿರಲು
ಹಿರಿಯರ ರಕ್ತ ಕಲಿತ ಹಳೆಯ ಉಪಾಯವಂತೆ ಅದು.
ಡಾಕ್ಟರು ಹೇಳುತ್ತಾರೆ. ಇರಬಹುದು.
ನನ್ನ ಮಜ್ಜೆ ಹಗಲಿರುಳು ದುಡಿಯುತ್ತದೆ,
ಸಂಬಳ ಮಾತ್ರ ಕೈಗೆ ಬರುವುದಿಲ್ಲ.

ಹದಿನೆಂಟು ದಿನಕ್ಕೆ ಎರಡು ಚೀಲ.
ಹದಿನಾಲ್ಕಕ್ಕೇ ತಿಳಿಯುತ್ತದೆ:
ಮನೆಯ ಮೆಟ್ಟಿಲು ಎರಡು ಹೆಚ್ಚಾಗಿರುತ್ತವೆ,
ಅರ ಕೈಯಲ್ಲಿ ಭಾರ,
ಗಿರಾಕಿಯ ಮಾತು ಬಾವಿಯೊಳಗಿಂದ ಬಂದಂತೆ.
ಅಮ್ಮ ಇದ್ದಾಗ ನನ್ನ ತುಟಿ ನೋಡಿ ದಿನ ಎಣಿಸುತ್ತಿದ್ದಳು,
ಗೋಡೆಯ ಕ್ಯಾಲೆಂಡರು ಸುಮ್ಮನೆ ತೂಗುತ್ತಿತ್ತು.

ಚೀಲದ ಮೇಲೆ ಹೆಸರಿರುವುದಿಲ್ಲ.
ಸಂಖ್ಯೆ, ಗುಂಪು, ತಾರೀಖು.
ನಾನೇ ಹೆಸರಿಟ್ಟುಕೊಳ್ಳುತ್ತೇನೆ:
ಇದು ಕುರಿ ಕಾಯುವವನದು, ಇಲ್ಲದಿದ್ದರೆ
ಆ ರಾತ್ರಿ ಕಾಡುಸೋಂಪಿನ ಆಸೆ ಯಾಕೆ ಹುಟ್ಟಿತು?
ಇದು ಯಾರೋ ಟೀಚರಮ್ಮನದು. ನನ್ನ ಅಂಗಡಿಯ ಫಲಕದಲ್ಲೇ
ಅಕ್ಷರವೊಂದು ತಪ್ಪಿದೆಯೆಂದು ಮರುದಿನ ಕಂಡಿತು,
ಹತ್ತು ವರ್ಷದ ಮೇಲೆ!
"ರಕ್ತಕ್ಕೆ ನೆನಪಿಲ್ಲ ಬೊನಾರಿಯಾ"
ನರ್ಸ್ ಜುವಾನ್ನಿಕಾ ನಗುತ್ತಾಳೆ.
ಇರಲಿ. ನನಗಿದೆ.

ಸಾವಿರದ ಐನೂರಕ್ಕೂ ಮಿಕ್ಕಿ ಚೀಲ, ಇಲ್ಲಿಯವರೆಗೆ.
ಬಡ್ಡಿಯಿಲ್ಲ, ಪತ್ರವಿಲ್ಲ, ಜಾಮೀನಿಲ್ಲ.
ಕೈಗಡವೆಂದರೆ ಮುಖ ನೋಡಿ ಕೊಡುವುದು.
ಇವರು ಮುಖವನ್ನೂ ನೋಡದೆ ಕೊಟ್ಟರು.

ಆಗಸ್ಟ್ ಬಂತೆಂದರೆ ಊರಿಗೆ ಊರೇ ಸಮುದ್ರಕ್ಕೆ ಹೋಗುತ್ತದೆ.
ಕೊಡುವವರ ಕುರ್ಚಿ ಖಾಲಿ,
ಕಾಯುವವರ ಬೆಂಚು ಭರ್ತಿ.
ಹೋದ ವರ್ಷ ಅಂಥದೇ ಒಂದು ಶುಕ್ರವಾರ
ನಮ್ಮ ಗುಂಪಿನದು ಉಳಿದದ್ದು ಒಂದೇ ಚೀಲ.
ನನ್ನ ಪಕ್ಕದಲ್ಲಿ ಏಳು ವರ್ಷದ ಪ್ರಿಯಾಮೊ,
ಮೇಣದಂಥ ಕಿವಿ, ಮಡಿಲಲ್ಲಿ ಹಸಿರು ಆಟದ ಕಾರು.
ಅದನ್ನು ಓಡಿಸುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದ.
ಜುವಾನ್ನಿಕಾ ಅವನನ್ನು ನೋಡಿದಳು, ನನ್ನನ್ನು ನೋಡಿದಳು,
ಆಮೇಲೆ ಗಡಿಯಾರವನ್ನು.
ನಾನು ಕೈಚೀಲ ಎತ್ತಿಕೊಂಡೆ.
"ಸೋಮವಾರ ಬರುತ್ತೇನೆ."

ಮನೆ ಮುಟ್ಟುವುದರೊಳಗೆ ಮೂರು ಕಡೆ ಕೂತೆ:
ಚರ್ಚಿನ ಮೆಟ್ಟಿಲು, ಬಸ್ ನಿಲ್ದಾಣ, ಯಾರದೋ ಹೊಸಿಲು.
ಈ ಜನ್ಮದಲ್ಲಿ ನಾನು ಮಾಡಿದ ರಕ್ತದಾನ ಅದೊಂದೇ,
ತೆಗೆದುಕೊಳ್ಳದೆ ಬಂದದ್ದು.

ಬಾಕಿಜಿಯೊ ಅಂಗಡಿಗೆ ಬಂದದ್ದು ಆ ಸೆಪ್ಟೆಂಬರಿನಲ್ಲಿ,
ದೋಣಿ ಕಟ್ಟುವ ಕೊಟ್ಟಿಗೆಯ ಬೀಗದ ಕೈ ಕಳೆದುಕೊಂಡು.
ಕಾಬ್ರಾಸ್ ಸರೋವರದ ಮೀನುಗಾರ,
ಕೈ ಎಂದರೆ ಹುಟ್ಟಿನ ಅಲಗು,
ನೀಲಿ ನರ ಹಗ್ಗದಂತೆ ಎದ್ದು ಕಾಣುತ್ತಿತ್ತು.
ನಾಚಿಕೆ ಬಿಟ್ಟು ಕೇಳಿದೆ.
"ಕೊಟ್ಟಿದ್ದೇನಲ್ಲ" ಅಂದ, "ಒಂದು ಸಲ.
ತಂಗಿಯ ಗಂಡ ಬೈಕಿನಿಂದ ಬಿದ್ದಾಗ."

"ಕೊಟ್ಟಿಗೆಯ ಬೀಗ ಒಂದು ಸಲ ತೆಗೆದರೆ
ವರ್ಷವೆಲ್ಲ ತೆರೆದೇ ಇರುತ್ತದೆಯೆ, ಬಾಕಿಜಿಯೊ?
ನನ್ನ ಬಾಗಿಲು ಹದಿನೆಂಟು ದಿನಕ್ಕೊಮ್ಮೆ
ತಾನಾಗಿಯೇ ಮುಚ್ಚಿಕೊಳ್ಳುತ್ತದೆ.
ಆ ಹುಡುಗನದು ಇನ್ನೂ ಬೇಗ."

ಅವನು ಚಿಲ್ಲರೆ ಎಣಿಸಿಟ್ಟು ಹೋದ. ಉತ್ತರವಿಲ್ಲ.
ಹೆಚ್ಚು ಮಾತಾಡಿದೆನೇನೋ ಎಂದು ನಾಲ್ಕು ದಿನ ಕೊರಗಿದೆ.

ಭಾನುವಾರ ಚೌಕಕ್ಕೆ ರಕ್ತದ ಬಸ್ಸು ಬರುತ್ತದೆ.
ಸೂಜಿ ಚುಚ್ಚಿಸಿಕೊಂಡು ಇಳಿದವರಿಗೆ
ಕಿತ್ತಳೆ ರಸ, ಬನ್ನು ಕೊಡುವುದು ನನ್ನ ಪಾಲಿನ ಕೆಲಸ.
ಆರನೆಯವನಾಗಿ ಇಳಿದ, ಮೀನಿನ ವಾಸನೆಯೊಂದಿಗೆ.
ಮೊಣಕೈಗೆ ಬಿಳಿ ಪಟ್ಟಿ, ನನ್ನ ಕಣ್ಣು ತಪ್ಪಿಸಿ
ಎರಡು ಬನ್ನು ತಿಂದ.

ಡಿಸೆಂಬರಿನಲ್ಲಿ ಮತ್ತೆ.
ಮಾರ್ಚಿನಲ್ಲಿ ಅಳಿಯನನ್ನೂ ಎಳೆದುತಂದ,
ಆ ಹುಡುಗ ಸೂಜಿ ನೋಡಿ ಬೆವತು, ಕೊನೆಗೂ ಮಲಗಿದ.

ಮೊನ್ನೆ ಅಂಗಡಿಗೆ ಬಂದು
"ಇನ್ನೊಂದು ಕೈ ಬೇಕು, ಅಳಿಯನಿಗೆ" ಅಂದ.
ಕಡೆದು, ಅಂಚು ನಯ ಮಾಡಿ, ದಾರ ಪೋಣಿಸಿದೆ.
"ಎಷ್ಟಾಯಿತು?"
ದಾರಕ್ಕೆ ಕಟ್ಟುವ ಸಣ್ಣ ಚೀಟಿಯಲ್ಲಿ
ಹೆಸರು ಬರೆಯುವ ಜಾಗವಿರುತ್ತದೆ.
ಅಲ್ಲಿ ಒಂದು ತಾರೀಖು ಬರೆದುಕೊಟ್ಟೆ,
ಇವತ್ತಿಗೆ ತೊಂಬತ್ತು ದಿನ.